ರಾಮಾಚಾರಿಯ ಕೋಪ



ಹದಿನಾರು ಹದಿನೇಳರ ಪ್ರಾಯದ ಮಗನೊಬ್ಬನು ಊಟಕ್ಕೆ ಕರೆದರೆ ಓಗೊಡದೆ, ಓದಲು ಹೇಳಿದರೆ ಉತ್ತರ ಕೊಡದೆ, ಕಿವಿಗೆರಡು ಇಯರ್‌ಫೋನು ಸಿಕ್ಕಿಸಿಕೊಂಡು ಜಗಲಿಯ ಮೂಲೆಯಲ್ಲಿ ಮುಖ ಗಂಟಿಕ್ಕಿ ಕುಳಿತಿರುವುದು ಈಗ ಕಡೂರು, ತರೀಕೆರೆ, ಅಜ್ಜಂಪುರಗಳ ಯಾವ ಮನೆಗೂ ಅಪರಿಚಿತವಾದ ಸಂಗತಿಯಲ್ಲ. ಅವನು ಏನನ್ನೋ ಕೇಳುತ್ತಿದ್ದಾನೆ. ಏನೆಂಬುದನ್ನು ಮನೆಯವರು ವಿಚಾರಿಸಿರುವುದು ಕಡಮೆ. ಬಹುಶಃ ಅದೊಂದು ಹಾಡು; ತನ್ನ ಮನಸ್ಸು ಯಾರಿಗೂ ಅರ್ಥವಾಗುವುದಿಲ್ಲ ಎಂದು ಕೂಗಿ ಹೇಳುವ ಹಾಡು. ಎಳೆಯ ವಯಸ್ಸಿನ ಆ ಅಸಮಾಧಾನ ಹಾಡಾಗುವುದು ಹೇಗೆ, ಮತ್ತು ಆ ಹಾಡಿನ ಹತ್ತಿರದಲ್ಲಿಯೇ ಇದ್ದು ಅದನ್ನು ಕೇಳದವರು ಯಾರು ಎಂಬ ಈ ಒಂದೇ ವಿಷಯವನ್ನು ಇಂದು ತಮ್ಮ ಮುಂದೆ ಇಡುತ್ತೇನೆ.

ಮೊದಲು ಹೊರಗಿನ ಸಂಗತಿಯನ್ನು ಬೇಗನೆ ಹೇಳಿ ಮುಗಿಸುತ್ತೇನೆ.

ಪಾಶ್ಚಾತ್ಯ ದೇಶಗಳಲ್ಲಿ ಈ ಜಾತಿಯ ಹಾಡಿಗೆ ಪಾಪ್ ಪಂಕ್ ಎಂದು ಹೆಸರು. 1970ರ ದಶಕದ ನಡುಗಾಲದಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ನಗರಗಳ ಕೆಲವು ತರುಣರು, ಸಂಗೀತವೆಂದರೆ ದೀರ್ಘಕಾಲದ ಸಾಧನೆಯೆಂಬ ಮಾತನ್ನು ಒಪ್ಪದೆ, ಗಿಟಾರಿನ ಮೇಲೆ ಮೂರು ಸ್ವರಗುಚ್ಛಗಳನ್ನು ಹಿಡಿಯಲು ಬಂದರೆ ಸಾಕು, ಹೊಟ್ಟೆಯೊಳಗಿನ ಸಿಟ್ಟು ಉಳಿದುದನ್ನು ನೋಡಿಕೊಳ್ಳುತ್ತದೆ ಎಂದು ಹೊರಟು ಕಟ್ಟಿದ ಪದ್ಧತಿಗೆ ಪಂಕ್ ಎಂದು ಹೆಸರಾಯಿತು. ಅದಕ್ಕೆ ಸುಲಭವಾಗಿ ನಾಲಗೆಗೆ ಹತ್ತುವ ಇಂಪಾದ ಧಾಟಿ ಬೆರೆತಾಗ ಹುಟ್ಟಿದ್ದು ಪಾಪ್ ಪಂಕ್. ಅಮೆರಿಕದ ಗ್ರೀನ್ ಡೇ ಎಂಬ ತಂಡ 1994ರಲ್ಲಿ ಹೊರತಂದ ‘ಡೂಕಿ’ ಎಂಬ ಗೀತಸಂಪುಟದಿಂದ ಅದು ಲೋಕಪ್ರಸಿದ್ಧವಾಯಿತು. ಕೇಳಿರದವರು ಹೀಗೆ ಕಲ್ಪಿಸಿಕೊಳ್ಳಬಹುದು. ಜಾತ್ರೆಯ ಕಡೆಯ ಸುತ್ತಿನಲ್ಲಿ ಡೊಳ್ಳಿನವರು ಮೈಮರೆತು ಬಡಿಯುವಾಗಿನ ವೇಗ ಮೊದಲಿಂದಲೇ ಇದೆ. ಅದರ ಮೇಲೆ ಗಿಟಾರುಗಳ ಎಡೆಬಿಡದ ಗರ್ಜನೆ. ಅದರ ಮೇಲೆ ಮೂಗಿನಿಂದ ಬಂದಂತಿರುವ ಒಂದು ಎಳೆಯ ಕಂಠ. ಎಲ್ಲವೂ ಮೂರು ಮೂರೂವರೆ ನಿಮಿಷದಲ್ಲಿ ಮುಗಿದು ಹೋಗುತ್ತದೆ.

ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ 1999ರಲ್ಲಿ ಕೂಡಿದ ಸಿಂಪಲ್ ಪ್ಲಾನ್ ಎಂಬ ತಂಡದ ‘ವೆಲ್‌ಕಮ್ ಟು ಮೈ ಲೈಫ್’ ಎಂಬ 2004ರ ಹಾಡು ಈ ಜಾತಿಗೆ ಒಳ್ಳೆಯ ಮಾದರಿ. ಹಾಡುವವನು ಕೇಳುವವನಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಾನೆ; ನಿನಗೆ ಎಂದಾದರೂ ಹೀಗಾಗಿದೆಯೆ ಎಂದು ವಿಚಾರಿಸುತ್ತಾನೆ; ಆಗಿಲ್ಲದಿದ್ದರೆ ನನ್ನ ಬದುಕು ನಿನಗೆ ತಿಳಿಯದು ಎಂಬ ಧಾಟಿಯಲ್ಲಿ ಮಾತು ಮುಗಿಸುತ್ತಾನೆ. ಇದೇ ತಂಡ ಅದಕ್ಕೆ ಮುನ್ನ ‘ಪರ್ಫೆಕ್ಟ್’ ಎಂಬ ಹಾಡೊಂದನ್ನು ಹಾಡಿತ್ತು. ಅದರಲ್ಲಿ ಮಗ ನೇರವಾಗಿ ತಂದೆಯನ್ನೇ ಸಂಬೋಧಿಸುತ್ತಾನೆ. ಇದು ಶ್ರೇಷ್ಠ ಸಂಗೀತವೆ ಎಂದು ತಾವು ಕೇಳಿದರೆ ನಾನು ಹೌದೆನ್ನಲಾರೆ. ಆದರೆ ಶ್ರೇಷ್ಠ ಸಂಗೀತವೆಲ್ಲವೂ ಹದಿನಾರರ ಹುಡುಗನ ಉಪಯೋಗಕ್ಕೆ ಬರುವುದೆಂಬ ಭರವಸೆಯನ್ನೂ ಕೊಡಲಾರೆ.

ಇಷ್ಟನ್ನು ಹೇಳಿದ್ದಾಯಿತು: ಹೊರಗಿನ ಹಾಡಿನಲ್ಲಿ ಹುಡುಗ ದುಃಖಿಸುತ್ತಾನೆ, ಪ್ರಶ್ನಿಸುತ್ತಾನೆ, ತಂದೆಯನ್ನು ಕರೆಯುತ್ತಾನೆ. ನಮ್ಮಲ್ಲಿ ಇಂಥದು ಇಲ್ಲವೆ? ಇದೆ. ಐವತ್ತು ವರ್ಷಗಳ ಹಿಂದೆಯೇ ಇತ್ತು. ಅದನ್ನು ಹಾಡಿದವನು ನಮ್ಮ ನೆರೆಯೂರಿನವನು.

1972ರ ಕೊನೆಯಲ್ಲಿ ತೆರೆಗೆ ಬಂದ ‘ನಾಗರಹಾವು’ ಚಿತ್ರ ತಮ್ಮಲ್ಲಿ ಅನೇಕರಿಗೆ ಜ್ಞಾಪಕವಿದ್ದೇ ಇರುತ್ತದೆ. ತ.ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಕೂಡಿಸಿ ಎಸ್.ಆರ್. ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ, ಎನ್. ವೀರಾಸ್ವಾಮಿಯವರು ನಿರ್ಮಿಸಿದ ಆ ಚಿತ್ರದ ನಾಯಕ ರಾಮಾಚಾರಿ ಚಿತ್ರದುರ್ಗದ ಕಾಲೇಜು ಹುಡುಗ. ಆಚಾರವಂತರ ಮನೆಯ ಮಗ. ಮೂಗಿನ ತುದಿಯಲ್ಲಿ ಕೋಪ. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದು ಪ್ರಿನ್ಸಿಪಾಲರಿಂದ ಅವಮಾನಿತನಾದ ಅವನು, ರಾತ್ರಿಯಲ್ಲಿ ಅವರ ಮನೆಗೆ ಕಲ್ಲು ತೂರಿ, ಸಾಲದೆ ಅವರನ್ನೇ ಹಿಡಿದು ಕಂಬಕ್ಕೆ ಕಟ್ಟಿ ಓಡಿಹೋಗುತ್ತಾನೆ. ಊರು ಅವನನ್ನು ಪೋಲಿಯೆಂದು ಕರೆಯುತ್ತದೆ. ದುರ್ಗದ ಕೋಟೆಯ ಹೆಬ್ಬಂಡೆಗಳ ನಡುವೆ ಅವನು ಹಾಡಿಕೊಳ್ಳುವ ಹಾಡೇ ‘ಹಾವಿನ ದ್ವೇಷ’. ಬರೆದವರು ವಿಜಯನಾರಸಿಂಹ, ರಾಗ ಹಾಕಿದವರು ವಿಜಯಭಾಸ್ಕರ್, ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ, ತೆರೆಯ ಮೇಲೆ ತುಟಿಯಾಡಿಸಿದವರು ಆಗಿನ್ನೂ ಹೊಸಬರಾಗಿದ್ದ ವಿಷ್ಣುವರ್ಧನ್.

ಹಾವು ಹಿಡಿದ ಹಗೆ ಹನ್ನೆರಡು ವರ್ಷ ಬಿಡದೆಂಬ ನಮ್ಮ ಹಳ್ಳಿಗಾಡಿನ ಹಳೆಯ ನಂಬಿಕೆಯನ್ನು ಎತ್ತಿಕೊಂಡು, ತನ್ನ ರೋಷ ಅದಕ್ಕೂ ದೀರ್ಘವೆಂದು ಹುಡುಗ ಅಲ್ಲಿ ಸಾರುತ್ತಾನೆ. ಇದನ್ನು ಮಾಂಟ್ರಿಯಲ್ಲಿನ ಹಾಡಿನ ಪಕ್ಕಕ್ಕಿಟ್ಟು ಕೇಳಿದರೆ ಒಂದು ಅಂತರ ಕೂಡಲೇ ತಿಳಿಯುತ್ತದೆ. ಅಲ್ಲಿಯ ಹುಡುಗ ಅಳುತ್ತಾನೆ. ನಮ್ಮ ಹುಡುಗ ಬೆದರಿಸುತ್ತಾನೆ. ಇದು ಸ್ವಭಾವದ ಅಂತರವೆಂದು ನಾನು ಭಾವಿಸುವುದಿಲ್ಲ. ಮೀಸೆ ಮೂಡುತ್ತಿರುವ ಗಂಡುಮಗ ಅತ್ತರೆ ನಗೆಪಾಟಲಾಗುವ, ಗದರಿದರೆ ಮಾತ್ರ ಮನ್ನಣೆ ಪಡೆಯುವ ಸಮಾಜದಲ್ಲಿ ನೋವು ಕೋಪದ ಅಂಗಿಯನ್ನು ತೊಟ್ಟುಕೊಂಡಲ್ಲದೆ ಹೊರಗೆ ಬರಲಾರದು. ಆ ಅಂಗಿಯನ್ನು ನೋಡಿದ ಹಿರಿಯರು ಒಳಗಿರುವುದೂ ಅದೇ ಎಂದು ತಿಳಿದುಬಿಡುತ್ತಾರೆ.

ರಾಮಾಚಾರಿಯನ್ನು ನೆರೆಯೂರಿನವನೆಂದು ಕರೆದೆನಷ್ಟೆ. ಅದು ಉತ್ಪ್ರೇಕ್ಷೆಯಲ್ಲ. ಅಜ್ಜಂಪುರದಲ್ಲಿ ರೈಲು ಹತ್ತಿ, ಶಿವನಿ, ಹೊಸದುರ್ಗ ರೋಡ್, ರಾಮಗಿರಿಗಳನ್ನು ದಾಟಿ, ಚಿಕ್ಕಜಾಜೂರಿನಲ್ಲಿ ಇಳಿದು ಗಾಡಿ ಬದಲಿಸಿದರೆ ದುರ್ಗ. ನೆಲ ಒಂದೇ, ಬಿಸಿಲು ಒಂದೇ, ಮಾತಿನ ಎಳೆತವೂ ಹೆಚ್ಚು ಕಡಮೆ ಒಂದೇ. ಚಿಕ್ಕಮಗಳೂರು ಜಿಲ್ಲೆಯೆಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವುದು ಕಾಫಿಯ ತೋಟ, ಮಂಜು ಮುಸುಕಿದ ಗಿರಿಶ್ರೇಣಿ, ಎಡೆಬಿಡದ ಮಳೆ. ಆದರೆ ಕಡೂರಿನಲ್ಲಿ ವರ್ಷವೆಲ್ಲ ಕೂಡಿದರೂ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದು ತೆಂಗು ರಾಗಿಗಳ ಬಯಲುಸೀಮೆ. ಅಜ್ಜಂಪುರದ ಕಡೆ ಈರುಳ್ಳಿಯ ಹೊಲಗಳು. ತರೀಕೆರೆಯ ಕಡೆ ಅಡಿಕೆ ತೋಟಗಳು, ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟಿದ ಅಣೆಕಟ್ಟು. 1947ರವರೆಗೆ ಇಡೀ ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಈಗ ಕಡೂರಿನ ಹುಡುಗ ಬೆಂಗಳೂರಿನ ಹಾಸ್ಟೆಲು ಸೇರಿ ತನ್ನ ಜಿಲ್ಲೆಯ ಹೆಸರು ಹೇಳಿದರೆ ಜೊತೆಯವರು ಅವನಿಗೆ ಕಾಫಿ ಎಸ್ಟೇಟು ಎಷ್ಟೆಕರೆ ಎಂದು ಕೇಳುತ್ತಾರೆ. ಊರಿಂದ ಅಪ್ಪನ ಫೋನು ಬಂದು ಬೋರ್‌ವೆಲ್ಲು ಬತ್ತಿದ ಸುದ್ದಿ ಹೇಳುತ್ತಿರುವಾಗಲೇ ಈ ಪ್ರಶ್ನೆಗೆ ಅವನು ಉತ್ತರ ಕೊಡಬೇಕಾಗಿ ಬರುವುದುಂಟು. ತನ್ನನ್ನು ಯಾರೂ ಅರಿಯರೆಂಬ ಭಾವನೆಗೆ ಇಲ್ಲಿಯ ಹುಡುಗರಲ್ಲಿ ಭೂಗೋಳದ ಆಧಾರವೂ ಸ್ವಲ್ಪ ಇದೆಯೆಂದು ತಮಾಷೆಗಾಗಿ ಹೇಳಿದೆ. ಪೂರಾ ತಮಾಷೆಯೂ ಅಲ್ಲ.

ಇದುವರೆಗೆ ಎರಡು ಹಾಡುಗಳನ್ನು ನೋಡಿದೆವು. ಒಂದು ಅಳುವ ಹಾಡು, ಇನ್ನೊಂದು ಗದರುವ ಹಾಡು. ಎರಡರ ಒಳಗಿನ ದೂರೂ ಒಂದೇ. ಈಗ ಇವನ್ನು ಕಟ್ಟಿದವರು ಯಾರೆಂದು ವಿಚಾರಿಸೋಣ.

ಸಿಂಪಲ್ ಪ್ಲಾನಿನ ತರುಣರು 2004ರಲ್ಲಿ ಬಾಲಕರಾಗಿರಲಿಲ್ಲ. ಇಪ್ಪತ್ತನ್ನು ದಾಟಿ ಕೆಲವು ವರ್ಷಗಳಾಗಿದ್ದುವು. ನಮ್ಮ ಹಾಡಿನ ವಿಷಯದಲ್ಲಿ ಇದು ಇನ್ನೂ ಸ್ವಾರಸ್ಯವಾಗಿದೆ. ರಾಮಾಚಾರಿಯ ಕಥೆ ಬರೆದ ತ.ರಾ.ಸು. ಹುಟ್ಟಿದ್ದು 1920ರಲ್ಲಿ, ಚಿತ್ರ ಬಂದಾಗ ಅವರಿಗೆ ಐವತ್ತು ಮೀರಿತ್ತು. ಕೋಪದ ಮಾತುಗಳನ್ನು ಹೊಸೆದ ವಿಜಯನಾರಸಿಂಹರಿಗೆ ನಲವತ್ತು ದಾಟಿತ್ತು. ನಿರ್ದೇಶಕರು ನಲವತ್ತರ ಹೊಸ್ತಿಲಲ್ಲಿದ್ದರು. ಹಾಡಿದ ಬಾಲಸುಬ್ರಹ್ಮಣ್ಯಂ ಅವರಿಗೆ ಇಪ್ಪತ್ತಾರು, ಅಭಿನಯಿಸಿದ ವಿಷ್ಣುವರ್ಧನರಿಗೆ ಇಪ್ಪತ್ತೆರಡರ ಆಸುಪಾಸು. ಅಂದರೆ ಹದಿಹರೆಯದ ಉರಿಯನ್ನು ನಮಗೆ ಮುಟ್ಟಿಸಿದವರಲ್ಲಿ ಹದಿಹರೆಯದವರು ಒಬ್ಬರೂ ಇರಲಿಲ್ಲ. ಇದರಿಂದ ಹೊರಡುವ ಮಾತು ಹಿರಿಯರಿಗೆ ಸ್ವಲ್ಪ ಮುಜುಗರದ್ದು. ನಮಗೆ ತಿಳಿಯುವುದಿಲ್ಲ ಎಂಬ ಸಬೂಬು ನಿಲ್ಲುವುದಿಲ್ಲ. ಐವತ್ತರ ಕಾದಂಬರಿಕಾರನಿಗೂ ನಲವತ್ತೈದರ ಕವಿಗೂ ಆ ಉರಿ ಅಷ್ಟು ಸ್ಪಷ್ಟವಾಗಿ ನೆನಪಿದ್ದ ಮೇಲೆ, ಅದೇ ವಯಸ್ಸಿನ ತಂದೆಗೂ ನೆನಪಿರಲೇಬೇಕು. ಬರೆಯಲು ಕುಳಿತಾಗ ನೆನಪಾಗುವುದು ಮಗನ ಎದುರು ಕುಳಿತಾಗ ಏಕೆ ಮರೆಯುತ್ತದೆ ಎಂಬುದೊಂದೇ ಉಳಿಯುವ ಪ್ರಶ್ನೆ.

ಮಗನ ಎದುರು ಏನಾಗುತ್ತದೆ ಎಂಬುದನ್ನು ತಾವು ಬಲ್ಲಿರಿ. ಸೈನ್ಸ್ ತೆಗೆದುಕೊಂಡ ಹುಡುಗನಿಗೆ ಅಂಕ ಕಡಮೆ ಬಂದಿರುತ್ತದೆ. ಅಥವಾ ಬಂದಿದ್ದರೂ ಮನಸ್ಸು ಬೇರೆ ಕಡೆ ಇರುತ್ತದೆ. ಕಡೂರಿನ ಕಡೆಯ ಅಪ್ಪ ಕೊಬ್ಬರಿ ಮಾರಿ ತಂದ ಹಣವನ್ನು ಫೀಸಿಗೆ ಎಣಿಸಿಡುತ್ತ, “ಏನ್ ಕಡ್ಮೆ ಮಾಡಿದೀನೋ ನಿಂಗೆ? ಹೇಳು ನೋಡಾನ” ಎನ್ನುತ್ತಾನೆ. ಮಗ “ಏನಿಲ್ಲ ಬಿಡಪ್ಪ” ಎನ್ನುತ್ತಾನೆ. ಸಂಭಾಷಣೆ ಅಲ್ಲಿಗೆ ಮುಗಿಯಿತು. ಅಪ್ಪನ ಪ್ರಶ್ನೆ ನಿಜವಾದ ಪ್ರಶ್ನೆಯಲ್ಲ. ಉತ್ತರವನ್ನು ಒಳಗೊಂಡೇ ಬಂದ ಆಕ್ಷೇಪಣೆ. ಮಗನ ಉತ್ತರವೂ ಉತ್ತರವಲ್ಲ. ನೀರಿಲ್ಲದ ತೋಟ, ತೀರದ ಸಾಲ, ಓದಿ ಹೊರಟುಹೋದರೆ ಸಾಕೆಂಬ ಆತುರ, ಇವೆಲ್ಲ ಅಪ್ಪನ ಕಡೆಯ ಸತ್ಯ. ಅದು ಸಣ್ಣದಲ್ಲ. ಅದರ ಭಾರ ಮಗನಿಗೆ ತಿಳಿದಿರುವುದರಿಂದಲೇ ಅವನು ಬಾಯಿ ಬಿಡಲಾರನು. ತನ್ನ ದುಃಖ ಅಪ್ಪನ ಕಷ್ಟದ ಎದುರಿಗೆ ನಿಲ್ಲುವ ಯೋಗ್ಯತೆಯದಲ್ಲವೆಂಬ ಅಳುಕು ಅವನಿಗೆ ಇರುತ್ತದೆ. ಮಾಂಟ್ರಿಯಲ್ಲಿನ ಹುಡುಗ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಹಾಡು ಕೇಳಿಯಾನು. ನಮ್ಮ ಪಡಸಾಲೆಯ ಮನೆಗಳಲ್ಲಿ ಅವನಿಗೆಂದು ಕೋಣೆಯೆಲ್ಲಿ? ಹಿಂದೆ ಕೆರೆಯ ಏರಿಯಿತ್ತು, ಬೀರೂರು ಜಂಕ್ಷನ್ನಿನ ಕಲ್ಲುಬೆಂಚಿತ್ತು, ಎರಡನೆಯ ಆಟದ ಟೆಂಟ್ ಸಿನಿಮಾ ಇತ್ತು. ಈಗ ಇಯರ್‌ಫೋನು ಬಂದಿದೆ. ಹೆಣ್ಣುಮಕ್ಕಳಿಗೆ ಆ ಏರಿಯಾಗಲಿ ಆ ಟೆಂಟಾಗಲಿ ಅಂದೂ ಇರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಅವರ ಕೋಪಕ್ಕೆ ನಮ್ಮ ಚಿತ್ರಗಳಲ್ಲಿ ಹಾಡೂ ವಿರಳ.

ಸರಿ. ಹಾಡು ಏನೆಂದು ನೋಡಿದೆವು, ಅದನ್ನು ಕಟ್ಟಿದವರನ್ನು ನೋಡಿದೆವು, ಮನೆಯೊಳಗಿನ ಮೌನವನ್ನೂ ನೋಡಿದೆವು. ಇನ್ನು ನನ್ನ ಮುಖ್ಯವಾದ ಮಾತಿಗೆ ಬರುತ್ತೇನೆ.

‘ಹಾವಿನ ದ್ವೇಷ’ದ ಕೋಪವೆಲ್ಲ ವೈರಿಗಳ ಮೇಲಿನದು. ತನ್ನನ್ನು ಅವಮಾನಿಸಿದವರು, ಹೀಯಾಳಿಸಿದವರು, ಊರಿನ ಹಿರಿತಲೆಗಳು. ಆದರೆ ಕಥೆಯನ್ನು ಸಾವಧಾನದಿಂದ ನೆನೆದರೆ, ರಾಮಾಚಾರಿಯನ್ನು ಕೆಡಿಸಿದವರು ಆ ವೈರಿಗಳಲ್ಲ. ಪ್ರಿನ್ಸಿಪಾಲರು ಅವನನ್ನು ಕೆಣಕಿದರು, ಅಷ್ಟೆ. ಅವನ ಬದುಕನ್ನು ತಿರುಗಿಸಿದವರು ಹೆತ್ತ ಮಗನಿಗಿಂತ ಹೆಚ್ಚಾಗಿ ಅವನನ್ನು ಪ್ರೀತಿಸಿದ ಚಾಮಯ್ಯ ಮೇಷ್ಟ್ರು.

ಕೆ.ಎಸ್. ಅಶ್ವತ್ಥ್ ಅವರು ಆ ಮೇಷ್ಟ್ರ ಪಾತ್ರಕ್ಕೆ ಕೊಟ್ಟ ಕಾರುಣ್ಯ ಎಂಥದೆಂದರೆ, ಇಂದಿಗೂ ಕನ್ನಡಿಗರು ಆದರ್ಶ ಉಪಾಧ್ಯಾಯರನ್ನು ನೆನೆವಾಗ ಆ ಹೆಸರು ಹೇಳುತ್ತಾರೆ. ನಾನೂ ಬಹುಕಾಲ ಹಾಗೆಯೇ ಹೇಳುತ್ತಿದ್ದೆ. ಅವರು ರಾಮಾಚಾರಿಗೆ ಬಾಲ್ಯದಲ್ಲಿ ಅಕ್ಷರ ಕಲಿಸಿದವರು. ಅವರೂ ಪತ್ನಿ ತುಂಗಮ್ಮನೂ ಅವನನ್ನು ಮನೆಯ ಮಗನಂತೆ ಕಂಡವರು. ಊರೆಲ್ಲ ಪೋಲಿಯೆಂದಾಗ ಅಲ್ಲವೆಂದವರು. ಅವರ ಮಾತನ್ನು ಅವನು ಮೀರುವುದಿಲ್ಲ. ಗೆಳೆಯ ವರದ ತನ್ನ ತಂಗಿ ಅಲಮೇಲುವನ್ನು ಕೊಡುವುದಾಗಿ ಮಾತು ಕೊಟ್ಟು ತಪ್ಪಿದಾಗ, ಜಾತಿಯ ತೊಡಕು ಎದುರಾದಾಗ, ತ್ಯಾಗ ದೊಡ್ಡದೆಂದು ಹೇಳಿ ರಾಮಾಚಾರಿಯ ಕೈಯಿಂದ ಆ ಪ್ರೀತಿಯನ್ನು ಬಿಡಿಸಿದವರು ಮೇಷ್ಟ್ರು. ಅವನು ಬಿಟ್ಟ. ಮದುವೆಯಾಗಿ ಹೋದ ಅಲಮೇಲು ಕಡೆಗೆ ಅವನ ಕಣ್ಣಿಗೆ ಬಿದ್ದದ್ದು ವೇಶ್ಯೆಯಾಗಿ. ಮುಂದೆ ಮಾರ್ಗರೆಟ್ ಎಂಬ ಹುಡುಗಿ ಅವನ ಬದುಕಿಗೆ ಬಂದಳು. ಈ ಸಲ ಮತದ ತೊಡಕು. ಮತ್ತೆ ಮೇಷ್ಟ್ರು ಬಂದರು. ಈ ಸಲ ಬೆಟ್ಟದ ಮೇಲೆ ವಾಗ್ವಾದವಾಗಿ ಮೇಷ್ಟ್ರು ಕೆಳಗೆ ಬಿದ್ದು ಪ್ರಾಣ ಬಿಟ್ಟರು. ಬೆನ್ನಿಗೇ ರಾಮಾಚಾರಿಯೂ ಮಾರ್ಗರೆಟ್ಟೂ.

ಮೇಷ್ಟ್ರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರು ಕೆಟ್ಟವರಾಗಿದ್ದರೆ ಹುಡುಗ ಬದುಕಿಕೊಳ್ಳುತ್ತಿದ್ದ. ಕಲ್ಲು ತೂರಿ, ಕಂಬಕ್ಕೆ ಕಟ್ಟಿ, ಹಾಡು ಹಾಡಿ ಸಮಾಧಾನ ಪಡೆಯುತ್ತಿದ್ದ. ವೈರಿ ತನ್ನನ್ನು ತಪ್ಪು ತಿಳಿದರೆ ಕೋಪಿಸಿಕೊಳ್ಳಬಹುದು. ಪ್ರೀತಿಸುವವರು ತಪ್ಪು ತಿಳಿದರೆ ಏನು ಮಾಡಬೇಕು? ಅದಕ್ಕೆ ಹಾಡಿಲ್ಲ. ಚಿತ್ರದ ಹಾಡುಗಳ ಪಟ್ಟಿಯನ್ನು ನೋಡಿದರೂ ಇದು ಗೊತ್ತಾಗುತ್ತದೆ. ರೋಷದ ಹಾಡು ಬರುವುದು ಕಥೆಯ ಪೂರ್ವಾರ್ಧದಲ್ಲಿ, ಇನ್ನೂ ಯಾವುದೂ ಕೈಮೀರಿ ಹೋಗಿಲ್ಲದಾಗ. ಅಲಮೇಲುವನ್ನು ಬಿಟ್ಟುಕೊಟ್ಟ ಮೇಲೆ, ಕೋಪಕ್ಕೆ ನಿಜವಾದ ಕಾರಣ ಹುಟ್ಟಿದ ಮೇಲೆ, ರಾಮಾಚಾರಿ ಅಂಥ ಇನ್ನೊಂದು ಹಾಡನ್ನು ಹಾಡುವುದಿಲ್ಲ. ತನ್ನ ಕಥೆಯನ್ನು ಹಾಡಿ ಹೇಳುವವಳು ಅಲಮೇಲು. ಆಗ ಕೇಳಿ ಮಾಡತಕ್ಕದ್ದು ಏನೂ ಉಳಿದಿರುವುದಿಲ್ಲ. 2014ರಲ್ಲಿ ಬಂದ ‘ಮಿಸ್ಟರ್ ಆ್ಯಂಡ್ ಮಿಸೆಸ್ ರಾಮಾಚಾರಿ’ ಎಂಬ ಚಿತ್ರದಲ್ಲಿ, ನಲವತ್ತು ವರ್ಷಗಳ ಮೇಲೆ, ಇದೇ ಹೆಸರನ್ನು ಅಭಿಮಾನದಿಂದ ಹೊತ್ತ ಇನ್ನೊಬ್ಬ ಹುಡುಗ ಬಂದ. ಅಲ್ಲಿ ತಪ್ಪು ತಿಳಿಯುವವರು ಮೇಷ್ಟ್ರಲ್ಲ, ತಂದೆ. ಹುಡುಗರು ಅದನ್ನೂ ಮುಗಿಬಿದ್ದು ನೋಡಿದರು. ದುರ್ಗದ ಕಲ್ಲುಬಂಡೆ ಹೋಗಿ ಮೋಟಾರು ಸೈಕಲ್ಲು ಬಂದರೂ ದೂರು ಹಳೆಯದೇ.

ಮತ್ತೊಮ್ಮೆ ಹೇಳುತ್ತೇನೆ: ಹುಡುಗನ ಹಾಡು ವೈರಿಯನ್ನು ಬಯ್ಯುತ್ತದೆ, ಅವನನ್ನು ಕೇಳದೆ ಹೋದವರು ಪ್ರೀತಿಪಾತ್ರರು. ಇದೇ ಮಾತನ್ನು ಚಾಮಯ್ಯ ಮೇಷ್ಟ್ರಿಗೂ ಹಿಂದೆಯೇ, ಚಿತ್ರವಿಲ್ಲದೆ ಹಾಡಿಲ್ಲದೆ, ಬರೆದು ತೋರಿಸಿದ ಕಥೆಗಾರರೊಬ್ಬರಿದ್ದರು. ಅವರ ಹೆಸರಿನಲ್ಲಿಯೇ ಈ ಸೀಮೆಯ ಊರಿದೆ.

ಅಜ್ಜಂಪುರ ಸೀತಾರಾಮರು, ‘ಆನಂದ’ ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದವರು, 1902ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡ ನವೋದಯದ ಕಥೆಗಾರರು. ಅವರ ‘ನಾನು ಕೊಂದ ಹುಡುಗಿ’ ಎಂಬ ಕಥೆಯನ್ನು ಓದದ ಕನ್ನಡ ವಾಚಕರು ಕಡಮೆ. ಪ್ರವಾಸದ ಮೇಲೆ ಹಳ್ಳಿಗೆ ಬಂದ ವಿದ್ಯಾವಂತನೊಬ್ಬ ಒಬ್ಬರ ಮನೆಯಲ್ಲಿ ಅತಿಥಿಯಾಗಿ ಇಳಿದುಕೊಳ್ಳುತ್ತಾನೆ. ಮನೆಯ ಮಗಳು ಚೆನ್ನಿ, ಹರಕೆಗಾಗಿ ದೇವರಿಗೆ ಬಿಟ್ಟವಳು. ಹಿರಿಯರು ಯಾವುದನ್ನು ಧರ್ಮವೆಂದು ಕಲಿಸಿದ್ದರೋ ಅದನ್ನು ಕಪಟವಿಲ್ಲದೆ ನಂಬಿ, ರಾತ್ರಿ ಅವಳು ಅತಿಥಿಯ ಕೋಣೆಗೆ ಬರುತ್ತಾಳೆ. ಅವನು ಅವಳನ್ನು ಮುಟ್ಟುವುದಿಲ್ಲ. ಕನಿಕರದಿಂದ, ಸದ್ಭಾವದಿಂದ, ಸುಶಿಕ್ಷಿತನ ನಿರರ್ಗಳವಾದ ಮಾತಿನಿಂದ, ಇದು ಪಾಪವೆಂದು ತಿಳಿಯಹೇಳುತ್ತಾನೆ. ಹುಡುಗಿ ಆ ಮಾತನ್ನೂ ನಂಬುತ್ತಾಳೆ. ಬೆಳಗಾಗುವಷ್ಟರಲ್ಲಿ ನೀರಿಗೆ ಬಿದ್ದು ಪ್ರಾಣ ಬಿಟ್ಟಿರುತ್ತಾಳೆ.

ಅವನು ಹೇಳಿದುದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆ ಪದ್ಧತಿ ಅನಿಷ್ಟವೇ ಆಗಿತ್ತು. ಆದರೆ ತನ್ನ ಮಾತು ಯಾರ ಎದೆಯಲ್ಲಿ ಹೋಗಿ ಬೀಳುತ್ತಿದೆ, ಆ ಎದೆಯಲ್ಲಿ ಮೊದಲೇ ಏನಿದೆ, ಇದನ್ನು ತೆಗೆದುಹಾಕಿದರೆ ಅವಳು ನಿಲ್ಲುವುದಕ್ಕೆ ಬೇರೆ ನೆಲ ಯಾವುದು ಎಂದು ಅವನು ಕೇಳಲಿಲ್ಲ. ಬೋಧಿಸಿದ. ಚಾಮಯ್ಯ ಮೇಷ್ಟ್ರೂ ಮಾಡಿದ್ದು ಅದನ್ನೇ. ಇಬ್ಬರೂ ಸಜ್ಜನರು, ಇಬ್ಬರ ನಾಲಗೆಯ ಮೇಲೂ ಒಳ್ಳೆಯ ಮಾತೇ ಇತ್ತು. ಆದರೂ ಇಬ್ಬರಲ್ಲಿ ಒಂದು ವ್ಯತ್ಯಾಸವಿದೆ. ಆ ಕಾರಣದಿಂದಲೇ ಸೀತಾರಾಮರ ಕಥೆಯನ್ನು ನಾನು ಚಿತ್ರಕ್ಕಿಂತ ಒಂದು ಕೈ ಮೇಲೆಂದು ಎಣಿಸುತ್ತೇನೆ. ತಾವು ಹುಡುಗನಿಗೆ ಏನು ಮಾಡಿದೆವೆಂದು ಕುಳಿತು ಯೋಚಿಸುವುದಕ್ಕೆ ಮೇಷ್ಟ್ರಿಗೆ ಪುಟ್ಟಣ್ಣನವರು ಅವಕಾಶವನ್ನೇ ಕೊಡಲಿಲ್ಲ; ಬೆಟ್ಟದಿಂದ ಬೀಳಿಸಿ ಅವರನ್ನು ಪೂಜ್ಯರನ್ನಾಗಿಯೇ ಉಳಿಸಿದರು. ಅಜ್ಜಂಪುರದವರ ಕಥೆಯ ವಿದ್ಯಾವಂತ ಬದುಕಿ ಉಳಿದ. ಉಳಿದು, ಹುಡುಗಿಯನ್ನು ಕೊಂದವರು ಅವಳ ತಂದೆತಾಯಿಗಳು, ಹಳ್ಳಿ, ಸಂಪ್ರದಾಯ, ದೇವರು ಎಂದು ಹೇಳಿ ಪಾರಾಗಲು ಎಷ್ಟೋ ದಾರಿಗಳಿದ್ದಾಗಲೂ, ಕಥೆಯ ಹೆಸರಿನಲ್ಲಿಯೇ ತನ್ನನ್ನು ಮೊದಲು ನಿಲ್ಲಿಸಿಕೊಂಡ.